ಕುಣಿದವರು ಯಾರು?

ಯಾದಗಿರಿಯ ಲುಂಬಿನಿ ಉದ್ಯಾನಕ್ಕೆ ಸಂಜೆ ಗಾಳಿಗೆ ಬರುವವರಲ್ಲಿ ಅರವತ್ತರ ಆಸುಪಾಸಿನವರೂ ಇರುತ್ತಾರೆ. ನಿವೃತ್ತ ಮಾಸ್ತರರು, ಅಡತಿ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಮಕ್ಕಳಿಗೆ ಒಪ್ಪಿಸಿದವರು, ಮೊಣಕಾಲು ನೋವಿಗೆ ಡಾಕ್ಟರು ನಡಿಗೆ ಬರೆದುಕೊಟ್ಟವರು. ಬಿಸಿಲು ಇಳಿದರೂ ನೆಲದ ಕಾವು ಇಳಿಯದ ಸೀಮೆ ಇದು. ಅಂಥ ಹೊತ್ತಿನಲ್ಲಿ ಯಾರದೋ ಮೊಬೈಲಿನಿಂದ 'ಕುರ್ಬಾನಿ' ಸಿನಿಮಾದ ಡಿಸ್ಕೊ ಹಾಡು ಕೇಳಿಬಂದರೆ ಸಾಕು, ಸಕ್ಕರೆ ಕಾಯಿಲೆ, ಪಿಂಚಣಿ, ಹತ್ತಿಯ ದರದ ಮಾತು ನಡುವೆಯೇ ನಿಲ್ಲುತ್ತದೆ. ಬೆಂಚಿನ ಕೆಳಗೆ ಒಂದು ಚಪ್ಪಲಿ ತಾನಾಗಿಯೇ ತಾಳ ಹಾಕತೊಡಗುತ್ತದೆ.

ಆ ಹಾಡಿನ ಹುಟ್ಟು ಸ್ವಾರಸ್ಯವಾದದ್ದು. 'ಕುರ್ಬಾನಿ' ತೆರೆಗೆ ಬಂದದ್ದು 1980ರಲ್ಲಿ. ಹಾಡಿದ ನಾಜಿಯಾ ಹಸನ್ ಆಗ ಹದಿನೈದರ ಆಸುಪಾಸಿನ ಹುಡುಗಿ. ಮೂಲ ಪಾಕಿಸ್ತಾನ, ಬೆಳೆದದ್ದು ಲಂಡನ್ನಿನಲ್ಲಿ. ರಾಗ ಹಾಕಿದ 'ಬಿದ್ದು' ಎಂಬ ಸಂಗೀತಗಾರರು ಹುಟ್ಟಿದ್ದು ನಮ್ಮ ಬೆಂಗಳೂರಿನ ಕೊಡವ ಕುಟುಂಬದಲ್ಲಿ. 1974ರಲ್ಲೇ 'ಕುಂಗ್ ಫು ಫೈಟಿಂಗ್' ಹಾಡಿನಿಂದ ಇಂಗ್ಲೆಂಡು, ಅಮೆರಿಕಗಳನ್ನು ಕುಣಿಸಿದ್ದವರು ಅವರು. ಲಂಡನ್ನಿನ ಸ್ಟುಡಿಯೊದಲ್ಲಿ ಕಟ್ಟಿದ ಆ ತಾಳ ಭೀಮಾ, ಕೃಷ್ಣಾ ನದಿಗಳ ನಡುವಿನ ಕರಿಮಣ್ಣಿನ ಹಳ್ಳಿಗಳಿಗೆ ಬರಲು ತಡವಾಗಲಿಲ್ಲ. ನಿಜಾಮರ ಕಾಲದಿಂದ ಉರ್ದು ಕಿವಿಗೆ ಬಿದ್ದ ನಾಡು. ಹೈದರಾಬಾದಿನ ಗಾಳಿ ಬೆಂಗಳೂರಿನ ಗಾಳಿಗಿಂತ ಮೊದಲು ಬೀಸುತ್ತಿತ್ತು. ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ ನಡೆಸುತ್ತಿದ್ದ ಬಿನಾಕಾ ಗೀತಮಾಲಾ ಕೇಳಿ ಬೆಳೆದವರು ಇಲ್ಲಿದ್ದರು. ಟಿ.ವಿ. ಕೂಡ ಈ ಭಾಗದ ಹಳ್ಳಿಗಳಿಗೆ ಬೇಗ ಬಂತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ 'ಸೈಟ್' ಪ್ರಯೋಗಕ್ಕೆ ದೇಶದ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಅದರ ಪಾಲು ಸಿಕ್ಕಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಯಾದಗಿರಿ, ಶಹಾಪುರ, ಸುರಪುರ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇದ್ದವು.

ಹಾಡಿನ ಹಿಂದೆಯೇ ಬಟ್ಟೆ ಬಂತು. ಆ ಕಾಲದ ಹುಡುಗ ದರ್ಜಿಯ ಮುಂದೆ ನಿಂತರೆ ಮೊದಲ ಮಾತು ಸೊಂಟದ ಅಳತೆಯದಲ್ಲ, ಬಾಟಂ ಎಷ್ಟು ಇಂಚು ಇಡಬೇಕು ಎಂಬುದು. ಬೆಲ್‌ಬಾಟಮ್ಮಿನ ಅಂಚು ನೆಲಕ್ಕೆ ಉಜ್ಜಿ ಹರಿಯುತ್ತಿತ್ತು. ಹಾಗಾಗಿ ಒಳಗಡೆ ಹಿಮ್ಮಡಿಯ ಸುತ್ತ ಹಿತ್ತಾಳೆಯ ಜಿಪ್ ಹೊಲಿಸಿಕೊಳ್ಳುತ್ತಿದ್ದರು. ನಡೆದರೆ ಕಲ್ಲುಹಾಸಿನ ಮೇಲೆ ಸಣ್ಣಗೆ ಸದ್ದು. ಟೆರಿಕಾಟ್ ಬಟ್ಟೆ, ನಾಯಿಕಿವಿಯಷ್ಟು ಅಗಲದ ಕಾಲರು, ಕಿವಿ ಮುಚ್ಚುವ ಹಿಪ್ಪಿ ಕಟಿಂಗು. ಹುಡುಗಿಯರಿಗೆ 1973ರ 'ಬಾಬಿ' ಸಿನಿಮಾ ಕೊಟ್ಟ ದೊಡ್ಡ ಚುಕ್ಕಿಯ ಬಟ್ಟೆ, ಉಬ್ಬು ತೋಳಿನ ಕುಪ್ಪಸ. 1982ರ 'ಡಿಸ್ಕೊ ಡಾನ್ಸರ್' ಬಂದ ಮೇಲೆ ಮಿಥುನ್‌ನಂತೆ ಸೊಂಟ ತಿರುಗಿಸದ ಹುಡುಗ ಓಣಿಯಲ್ಲಿ ಉಳಿದಿರಲಾರ. 1987ರಲ್ಲಿ ರವಿಚಂದ್ರನ್-ಹಂಸಲೇಖ ಜೋಡಿಯ 'ಪ್ರೇಮಲೋಕ' ಬಂದಾಗ ಆ ಕುಣಿತಕ್ಕೆ ಕನ್ನಡದ ಮಾತೂ ಸಿಕ್ಕಿತು, ಕ್ಯಾಸೆಟ್ಟು ಮನೆ ಮನೆಗೆ ಹೋಯಿತು.

ಈಗ ಅದೇ ಹುಡುಗರು ತಾತಂದಿರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಕೆಲವರು ಹಜ್ ಮುಗಿಸಿ ಬಂದವರು, ಕೆಲವರು ಅಯ್ಯಪ್ಪನ ಮಾಲೆ ಹಾಕುವವರು, ಕೆಲವರು ಬೆಳಿಗ್ಗೆ ಎದ್ದು ಬುದ್ಧವಂದನೆ ಹೇಳುವವರು. ಮೊಮ್ಮಗ ಹಳೆಯ ಫೋಟೊ ಹಿಡಿದು ಬಂದು "ಮುತ್ಯಾ, ನಿಂಗೂ ಡಾನ್ಸ್ ಬರ್ತಿತ್ತೇನು?" ಎಂದರೆ, "ಬರ್ತಿತ್ತೋ ಇಲ್ಲೋ, ಕುಣೀತಿದ್ವಿ" ಎಂದು ನಕ್ಕು ಫೋಟೊ ತೆಗೆದಿಡುತ್ತಾರೆ. ಆ ನಗುವಿನಲ್ಲಿ ಸ್ವಲ್ಪ ನಾಚಿಕೆಯೂ ಇರುತ್ತದೆ. ಪ್ರಶ್ನೆ ಹುಟ್ಟುವುದು ಅಲ್ಲಿ. ಹದಿನಾರರಲ್ಲಿ ಕುಣಿದವನೂ ಇಂದು ಜಪಮಣಿ ಹಿಡಿದವನೂ ಒಬ್ಬನೇ ಏನು? ಒಬ್ಬನೇ ಆಗಿದ್ದರೆ, ಆ ಕುಣಿತ ಅವನ ಭಕ್ತಿಗೆ ಅಂಟಿದ ಕೊಳೆಯೋ, ಅಥವಾ ಅದರ ಬೇರೋ?

ಹಾಡು ಕೇಳಿ ಇದ್ದಕ್ಕಿದ್ದಂತೆ ಮನಸ್ಸು ಕಲಕುವುದನ್ನು ಕಾಳಿದಾಸ ಎಂದೋ ಗಮನಿಸಿದ್ದ. 'ಅಭಿಜ್ಞಾನ ಶಾಕುಂತಲ'ದ ಐದನೆಯ ಅಂಕದಲ್ಲಿ ಹಂಸಪದಿಕೆ ಒಳಗೆಲ್ಲೋ ಹಾಡುತ್ತಾಳೆ. ದುಷ್ಯಂತನಿಗೆ ಯಾವ ಕೊರತೆಯೂ ಇಲ್ಲ, ಶಕುಂತಲೆಯ ನೆನಪು ಶಾಪದಿಂದ ಅಳಿದಿದೆ; ಆದರೂ ಕಾರಣ ತಿಳಿಯದ ತಳಮಳ. ಚೆಂದದ್ದನ್ನು ಕಂಡಾಗ, ಇಂಪಾದದ್ದನ್ನು ಕೇಳಿದಾಗ ಸುಖಿಯಾದವನೂ ಹೀಗೆ ಕಳವಳಗೊಳ್ಳುವುದು ಹಿಂದಿನ ಜನ್ಮದ ಸ್ನೇಹಗಳು ಮನಸ್ಸಿನಲ್ಲಿ ನೆಲೆ ನಿಂತಿರುವುದರಿಂದ ಎಂದು ಅವನು ತನಗೆ ತಾನೇ ಉತ್ತರ ಹೇಳಿಕೊಳ್ಳುತ್ತಾನೆ. ರಸದ ವಿಚಾರ ಬರೆದ ಅಭಿನವಗುಪ್ತ ಈ ಪದ್ಯವನ್ನೇ ಎತ್ತಿಕೊಂಡು ಚರ್ಚಿಸಿದ. ಒಳಗೆ ವಾಸನೆಯಾಗಿ ಉಳಿದದ್ದು ಇಲ್ಲದಿದ್ದರೆ ಹೊರಗಿನ ಹಾಡು ಯಾರನ್ನೂ ತಟ್ಟುವುದಿಲ್ಲ ಎಂಬುದು ಅವನ ನಿಲುವು.

ಇದೇ ಮಾತನ್ನು ಇಸ್ಲಾಮಿನ ದೊಡ್ಡ ಚಿಂತಕ ಇಮಾಮ್ ಗಜಾಲಿಯೂ ಹೇಳಿದ್ದಾನೆ. 1111ರಲ್ಲಿ ತೀರಿಕೊಂಡ ಗಜಾಲಿ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಸಂಗೀತ ಕೇಳುವುದರ ಮೇಲೆಯೇ ಒಂದು ಭಾಗ ಬರೆದ. ಸಂಗೀತ ಹೃದಯಕ್ಕೆ ಹೊಸದೇನನ್ನೂ ತಂದು ತುಂಬುವುದಿಲ್ಲ, ಅಲ್ಲಿ ಈಗಾಗಲೇ ಇರುವುದನ್ನು ಕದಲಿಸಿ ಮೇಲೆ ತರುತ್ತದೆ ಎಂಬುದು ಅವನ ವಾದದ ಸಾರ. ಹಾಗಾಗಿ ಸಂಗೀತ ಒಳ್ಳೆಯದೋ ಕೆಟ್ಟದೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೇಳುವವನ ಎದೆಯಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಸಮಾ ಎಂಬ ಸಂಗೀತ ಗೋಷ್ಠಿಗೆ ತಕ್ಕ ಕಾಲ, ತಕ್ಕ ಜಾಗ, ತಕ್ಕ ಜೊತೆಗಾರರು ಬೇಕು ಎಂಬ ಸೂಫಿಗಳ ನಿಯಮವನ್ನೂ ಅವನು ಅಲ್ಲೇ ದಾಖಲಿಸಿದ. ಆ ಸಮಾ ಪರಂಪರೆಯನ್ನು ಈ ಸೀಮೆಯಲ್ಲಿ ಬೆಳೆಸಿದವರು ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ದೇಹ ಬಿಟ್ಟ ಚಿಶ್ತಿ ಸಂತ ಖ್ವಾಜಾ ಬಂದೇ ನವಾಜ್. ಯಾದಗಿರಿಯಿಂದ ಅವರ ದರ್ಗಾಕ್ಕೆ ಉರುಸಿಗೆ ಹೋಗುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ.

ಮನೋವಿಜ್ಞಾನಿಗಳು ಇದನ್ನು ತಮ್ಮ ದಾರಿಯಲ್ಲಿ ಅಳೆದು ನೋಡಿದ್ದಾರೆ. ವಯಸ್ಸಾದವರನ್ನು ಬದುಕಿನ ನೆನಪು ಹೇಳಿ ಎಂದರೆ ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ಗುಡ್ಡೆಯಾಗಿ ಬರುತ್ತವೆ ಎಂದು ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. 2013ರಲ್ಲಿ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಮಾಡಿದ ಅಧ್ಯಯನ ಇನ್ನೂ ಕುತೂಹಲದ್ದು: ಇಪ್ಪತ್ತರ ಯುವಕರು ತಮ್ಮ ಕಾಲದ ಹಾಡಿಗಷ್ಟೇ ಅಲ್ಲ, ತಂದೆತಾಯಿಯ ಹರೆಯದ ಹಾಡುಗಳಿಗೂ ಮನ ಸೋಲುತ್ತಾರೆ. ಮನೆಯಲ್ಲಿ ಕೇಳಿಸಿಕೊಂಡು ಬೆಳೆದ ಹಾಡು ಮಕ್ಕಳ ಸ್ವತ್ತೂ ಆಗುತ್ತದೆ.

ಇರಲಿ, ನೆನಪು ಕದಲಿತು. ಕದಲಿದ್ದು ಯಾರಲ್ಲಿ?

ಶಹಾಪುರಕ್ಕೆ ಬಂದವರು ಮೊದಲು ನೋಡುವುದು ಮಲಗಿದ ಬುದ್ಧನ ಬೆಟ್ಟ. ಯಾರೂ ಕಡೆದದ್ದಲ್ಲ, ಬಂಡೆಗಳ ಸಾಲು ದೂರದಿಂದ ನೋಡಿದರೆ ಹಣೆ, ಮೂಗು, ಗಲ್ಲ, ಎದೆಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿಂದ ಬಹು ದೂರವೇನಲ್ಲದ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ, ರಾಣಿಯ ಜೊತೆ ನಿಂತ ಅಶೋಕನ ಶಿಲ್ಪ ಅವನ ಹೆಸರಿನ ಬರಹದೊಂದಿಗೆ ಸಿಕ್ಕಿದೆ. ಬೌದ್ಧ ಧರ್ಮ ಈ ಮಣ್ಣಿನಲ್ಲಿ ಬೇರು ಬಿಟ್ಟಿತ್ತು. ಕದಲಿದ್ದು ಯಾರಲ್ಲಿ ಎಂದು ಬೌದ್ಧರನ್ನು ಕೇಳಿದರೆ, ಕುಣಿದವನು, ಕೂತವನು ಎಂದು ಹಿಡಿದು ತೋರಿಸಬಲ್ಲ ಒಂದು ಗಟ್ಟಿ ವಸ್ತು ಇಲ್ಲವೇ ಇಲ್ಲ ಎನ್ನುತ್ತಾರೆ. ಮಿಲಿಂದ ರಾಜನಿಗೆ ನಾಗಸೇನ ಹೇಳಿದ ದೃಷ್ಟಾಂತ ಪ್ರಸಿದ್ಧ: ರಾತ್ರಿಯಿಡೀ ಉರಿದ ದೀಪದ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಶಿಶುವಾಗಿದ್ದವನೂ ಬೆಳೆದವನೂ ಹಾಗೆಯೇ. ನ್ಯಾಯ ದರ್ಶನದವರು ಇದನ್ನು ಒಪ್ಪಲಿಲ್ಲ. ಕಣ್ಣಿನಿಂದ ಕಂಡದ್ದನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎಂಬ ಗುರುತು ಹತ್ತಬೇಕಾದರೆ, ಕಂಡವನೂ ಮುಟ್ಟುವವನೂ ಒಬ್ಬನೇ ಆಗಿರಬೇಕು ಎಂಬುದು ನ್ಯಾಯಸೂತ್ರದ ಮೂರನೆಯ ಅಧ್ಯಾಯದ ಆರಂಭದ ವಾದ. ಒಬ್ಬನ ಅನುಭವ ಇನ್ನೊಬ್ಬನಿಗೆ ನೆನಪಾಗುವುದಿಲ್ಲ. ಆದ್ದರಿಂದ ನೆನಪೇ ಆತ್ಮಕ್ಕೆ ಸಾಕ್ಷಿ. ಉದಯನಾಚಾರ್ಯನ 'ಆತ್ಮತತ್ತ್ವವಿವೇಕ'ದವರೆಗೆ ಶತಮಾನಗಟ್ಟಲೆ ಈ ಜಗಳ ನಡೆಯಿತು.

ಈ ಜಗಳದಲ್ಲಿ ಗೆದ್ದವರು ಯಾರು ಎಂದು ಇಲ್ಲಿ ತೀರ್ಮಾನಿಸಬೇಕಿಲ್ಲ. ಆದರೆ ಉದ್ಯಾನದ ಬೆಂಚಿನ ಮೇಲೆ ಕೂತವರಿಗೆ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ ಉತ್ತರ ಕೊಡುತ್ತಾರೆ. ಆತ್ಮ ಒಂದೇ ಎನ್ನುವವರ ಪ್ರಕಾರ ಆ ಕುಣಿತ ನಿಮ್ಮದೇ. ಇಲ್ಲ, ಅದೊಂದು ಸಂತಾನ, ಒಂದರ ಬೆನ್ನಿಗೆ ಒಂದು ಹುಟ್ಟುವ ಸರಪಣಿ ಎನ್ನುವವರ ಪ್ರಕಾರವೂ ಇಂದಿನ ಶಾಂತ ಮನುಷ್ಯ ಅಂದಿನ ಹುಡುಗನಿಂದಲೇ ಬಂದವನು. ಅವನನ್ನು ಅಲ್ಲಗಳೆದು ಇವನು ನಿಲ್ಲಲಾರ.

ಹಾಗಾದರೆ ಧರ್ಮಗಳು ಹಾಡು, ಕುಣಿತ, ಅಲಂಕಾರಗಳನ್ನು ಸಂಶಯದಿಂದ ನೋಡುವುದೇಕೆ? ನೋಡುತ್ತವೆ ಎಂಬುದು ನಿಜ. ಉಪೋಸಥದ ದಿನ ಬೌದ್ಧ ಗೃಹಸ್ಥರು ಪಾಲಿಸುವ ಎಂಟು ಶೀಲಗಳಲ್ಲಿ ನೃತ್ಯ, ಗೀತ, ವಾದ್ಯ, ಹೂಮಾಲೆ, ಸುಗಂಧಗಳನ್ನು ಬಿಡುವುದೂ ಒಂದು. ಅಶ್ವಘೋಷನ 'ಬುದ್ಧಚರಿತ'ದ ಐದನೆಯ ಸರ್ಗದಲ್ಲಿ ಸಿದ್ಧಾರ್ಥ ಅರಮನೆ ಬಿಡುವ ರಾತ್ರಿ ನೋಡುವುದು ವಾದ್ಯಗಳ ಮೇಲೆ ಒರಗಿ, ಬಟ್ಟೆ ಕೆದರಿ, ಬಾಯಿ ತೆರೆದು ಮಲಗಿದ ಹಾಡುಗಾರ್ತಿಯರನ್ನು. ಆದರೆ ಗಮನಿಸಬೇಕಾದದ್ದು, ಎಂಟು ಶೀಲಗಳ ಆ ವ್ರತ ಗೃಹಸ್ಥನಿಗೆ ಒಂದು ದಿನದ್ದು; ಜನ್ಮವಿಡೀ ಹೊರಿಸಿದ್ದಲ್ಲ. ಊಟ ಬಿಟ್ಟು ಉಪವಾಸ ಮಾಡಿದವನು ಅನ್ನವನ್ನು ಹೀಗಳೆಯುವುದಿಲ್ಲ. ಆ ವ್ರತವನ್ನೂ ಹಾಗೇ ನೋಡಬೇಕು.

ಶರಣರ ಕಥೆಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರವಿದೆ. ಅನುಭವ ಮಂಟಪದ ಶೂನ್ಯಸಿಂಹಾಸನ ಏರಿದ ಅಲ್ಲಮಪ್ರಭು ಹರೆಯದಲ್ಲಿ ಮದ್ದಳೆಗಾರ. ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅವನು ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಾನೆ, ಕಾಮಲತೆ ಎಂಬ ನರ್ತಕಿಯನ್ನು ಮೆಚ್ಚುತ್ತಾನೆ, ಅವಳೊಂದಿಗೆ ಮೈಮರೆತು ಬದುಕುತ್ತಾನೆ. ಜ್ವರ ಬಂದು ಅವಳು ತೀರಿಕೊಳ್ಳುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ಒಂದು ದಿನ ತೋಪಿನಲ್ಲಿ ಕೂತು ಸುಮ್ಮನೆ ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿದ್ದಾಗ ಮಣ್ಣಿನಿಂದ ಬಂಗಾರದ ಕಳಶ ಇಣುಕುತ್ತದೆ. ಅಗೆದರೆ ದೇಗುಲ, ಬಾಗಿಲು ತೆಗೆದರೆ ಯೋಗದಲ್ಲಿ ಕೂತ ಅನಿಮಿಷಯ್ಯ. ಲಿಂಗ ಅವನ ಅಂಗೈಯಿಂದ ಅಲ್ಲಮನ ಅಂಗೈಗೆ ಬರುತ್ತದೆ.

ಹದಿನೈದನೆಯ ಶತಮಾನದ ಚಾಮರಸನಿಗೆ ಈ ಕಥೆ ಹಾಗೇ ಇರಿಸಿಕೊಳ್ಳಲು ಇಷ್ಟವಾಗಲಿಲ್ಲ. ಅವನ 'ಪ್ರಭುಲಿಂಗಲೀಲೆ'ಯಲ್ಲಿ ಬನವಾಸಿಯ ಮಾಯೆ ಕುಣಿಯುತ್ತಾಳೆ, ಅಲ್ಲಮ ಮದ್ದಳೆ ನುಡಿಸುತ್ತಾನೆ, ಆದರೆ ಅವನಿಗೆ ಏನೂ ಸೋಂಕುವುದಿಲ್ಲ. ಮೊದಲಿನಿಂದಲೂ ಅವನು ಮುಟ್ಟಲಾಗದ ಬಯಲು. ಚಾಮರಸನ ಕಾವ್ಯಶಕ್ತಿ ದೊಡ್ಡದು, ಒಪ್ಪೋಣ. ಆದರೆ ಮನುಷ್ಯರಿಗೆ ಬೇಕಾದ ಅಲ್ಲಮ ಹರಿಹರನವನು. ಸೋತವನು, ಕುಣಿತಕ್ಕೆ ಮರುಳಾದವನು, ಕಳೆದುಕೊಂಡವನು, ಆ ಕಳೆದುಕೊಂಡ ಜಾಗದಲ್ಲೇ ಉಗುರು ತಾಗಿಸಿ ಕಳಶ ಕಂಡವನು. ಮದ್ದಳೆ ಬಾರಿಸದ, ಕಾಮಲತೆಯನ್ನು ಪ್ರೀತಿಸದ ಅಲ್ಲಮನಿಗೆ ಆ ತೋಪಿಗೆ ಬರುವ ಕಾರಣವೇ ಇರುತ್ತಿರಲಿಲ್ಲ. ಹರೆಯದ ಕುಣಿತವನ್ನು ಜೀವನಚರಿತ್ರೆಯಿಂದ ಅಳಿಸಿದ ಸಂತ ಗೌರವಕ್ಕೆ ಪಾತ್ರನಾಗಬಹುದು. ಅವನಿಂದ ಯಾರಿಗೂ ದಾರಿ ಸಿಗುವುದಿಲ್ಲ.

ಬಟ್ಟೆಯ ಮಾತಿಗೂ ಈ ನೆಲದಲ್ಲೇ ಒಬ್ಬ ಗುರು ಇದ್ದಾನೆ. ವಚನಕಾರರಲ್ಲಿ ಬಹು ಹಿಂದಿನವನೆಂದು ಗುರುತಿಸುವ ದೇವರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು, ಕಸುಬಿನಿಂದ ನೇಕಾರ. ಹೆಂಡತಿ ದುಗ್ಗಳೆಯೂ ನೂಲು, ಮಗ್ಗ, ದಾಸೋಹದಲ್ಲಿ ಜೊತೆ. ಅವನು ನೇಯ್ದ ಸೊಗಸಾದ ವಸ್ತ್ರವನ್ನು ಶಿವ ಜಂಗಮನ ವೇಷದಲ್ಲಿ ಬಂದು ಕೇಳಿ ಪಡೆದು, ಅವನ ಕಣ್ಣೆದುರೇ ಚಿಂದಿ ಮಾಡಿದನಂತೆ. ದಾಸಿಮಯ್ಯ ಕಳವಳಿಸಲಿಲ್ಲ, ಅದಕ್ಕೆ ಮೆಚ್ಚಿ ಶಿವ ತವನಿಧಿ ಕೊಟ್ಟ ಎನ್ನುತ್ತದೆ ಐತಿಹ್ಯ. ಕಥೆಯನ್ನು ತ್ಯಾಗದ ಕಥೆಯಾಗಿ ಓದುವುದು ರೂಢಿ. ಆದರೆ ಬಟ್ಟೆ ಸೊಗಸಾಗಿರಬೇಕಿತ್ತು ಎಂಬುದನ್ನು ಮರೆಯಬಾರದು. ಒರಟು ಚಿಂದಿಯನ್ನು ಕೊಟ್ಟಿದ್ದರೆ ಕೊಟ್ಟದ್ದಕ್ಕೆ ಬೆಲೆ ಇರುತ್ತಿರಲಿಲ್ಲ. ಚೆಂದವನ್ನು ತನ್ನ ಕೈಯಾರೆ ಮಾಡಬಲ್ಲವನು, ಮಾಡಿದ್ದನ್ನು ಬಿಟ್ಟುಕೊಡಬಲ್ಲವನು ಅವನು. ಅದೇ ದಾಸಿಮಯ್ಯ ಮೈಯ ಗುರುತುಗಳನ್ನು ನೋಡಿ ಹೆಣ್ಣು, ಗಂಡು ಎಂದು ಕರೆಯುತ್ತಾರೆ, ಒಳಗಿನ ಆತ್ಮ ಎರಡೂ ಅಲ್ಲ ಎಂದು ಹೇಳಿದ. ಈ ಮಾತು ಮುಂದೆ ಬೇಕಾಗುತ್ತದೆ.

ಗ್ರಂಥಗಳಿಂದ ಹೊರಬಂದು ಊರಿನ ಓಣಿಗೆ ನಡೆದರೆ, ಈ ಸೀಮೆಯಲ್ಲಿ ಕುಣಿತ ದೇವರ ಬಾಗಿಲಲ್ಲೇ ಇದೆ. ಸುರಪುರದ ವೇಣುಗೋಪಾಲಸ್ವಾಮಿಯ ಹಾಲೋಕುಳಿಯಲ್ಲಿ ಹುಡುಗರು ನೀರಿನ ಹೊಡೆತದ ನಡುವೆ ಜಾರುವ ಕಂಬ ಏರುತ್ತಾರೆ. ಅದೇ ಸುರಪುರದಲ್ಲಿ 'ಕಮಲೇಶವಿಠಲ' ಅಂಕಿತದಲ್ಲಿ ಹಾಡು ಕಟ್ಟಿದ ಆನಂದದಾಸರಿದ್ದರು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಹಾಡುವುದೇ ದಾಸರ ಪೂಜೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರನ್ನು ಹಿಂದೂ, ಮುಸ್ಲಿಮರು ಇಬ್ಬರೂ ನಂಬಿ ನಡೆದುಕೊಳ್ಳುತ್ತಾರೆ. ಅಲ್ಲಿನ ಭಜನೆ ರಾತ್ರಿಯ ಹೊತ್ತಿಗೆ ಕಾವೇರುತ್ತದೆ.

ಆದರೆ ಇಲ್ಲಿನ ಹುಡುಗರಿಗೆ ನಿಜವಾದ ಕುಣಿತ ಕಲಿಸುವುದು ಮೊಹರಂ. ಅದನ್ನು ಹತ್ತಿರದಿಂದ ನೋಡಬೇಕು. ಹಬ್ಬಕ್ಕೆ ಮುಂಚೆ ಮಸೀದಿಯ ಮುಂದೆ ಅಲಾಯಿ ಕುಣಿ ತೋಡುತ್ತಾರೆ. ಪೆಟ್ಟಿಗೆಯಿಂದ ಪಂಜಾಗಳನ್ನು ತೆಗೆದು ತೊಳೆದು, ಬಟ್ಟೆ ಉಡಿಸಿ ದೇವರು ಕೂಡಿಸುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಸನ್-ಹುಸೇನರ ಹಬ್ಬ ನಡೆಯುತ್ತದೆ. ಹರಕೆ ಹೊತ್ತವರು ಕೊರಳಿಗೆ ಕೆಂಪು ಲಾಡಿ ಕಟ್ಟಿ ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಮನೆಯಲ್ಲಿ ಚೊಂಗೆ ಮಾಡುತ್ತಾರೆ. ಓಣಿಯ ಹುಡುಗರು ಒಂದೇ ಬಣ್ಣದ ಅಂಗಿ ಹೊಲಿಸಿಕೊಂಡು, ಕೈಯಲ್ಲಿ ದಸ್ತಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಹಲಗಿ ಬಡಿಯುವವನು ತಾಳ ಬದಲಿಸಿದರೆ ಇಡೀ ಸುತ್ತು ಒಮ್ಮೆಗೇ ತಿರುಗುತ್ತದೆ. ಕತ್ತಲ ರಾತ್ರಿ ಕುಣಿಯಲ್ಲಿ ಕಟ್ಟಿಗೆ ಧಗಧಗ ಉರಿಯುವಾಗ ಬೆವರು, ಬೂದಿ, ಅತ್ತರು, ಊದಿನ ಹೊಗೆ ಎಲ್ಲವೂ ಒಂದಾಗಿರುತ್ತದೆ.

ಈ ಕುಣಿತದ ಮೂಲದಲ್ಲಿರುವುದು ಕ್ರಿ.ಶ. 680ರ ಕರ್ಬಲಾ, ನೀರಿಲ್ಲದೆ ಬಾಯಾರಿ ಸತ್ತವರ ಶೋಕ. ರಿವಾಯತ್ ಪದಗಳು ಕನ್ನಡದಲ್ಲಿ ಹಾಡುವುದು ಆ ಸಾವನ್ನೇ. ಶೋಕಕ್ಕೆ ಕುಣಿಯುವುದೇ ಎಂದು ಮೂಗು ಮುರಿಯುವ ಪಂಡಿತರು ಎರಡೂ ಧರ್ಮಗಳಲ್ಲಿದ್ದಾರೆ. ಅವರ ತಕರಾರು ಅರ್ಥವಾಗುವಂಥದ್ದು, ಆದರೆ ಅವರು ಒಂದನ್ನು ಕಾಣುತ್ತಿಲ್ಲ. ಕುಣಿತ ಸಂತೋಷದ ಗುರುತು ಮಾತ್ರವಲ್ಲ. ಮಾತಿಗೆ ಸಿಗದ್ದನ್ನು ಮೈ ಹೊತ್ತುಕೊಳ್ಳುವ ಬಗೆ ಅದು. ಗುಳೆ ಹೋದ ಹುಡುಗರು ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸ ಬಿಟ್ಟು ಮೊಹರಮ್ಮಿಗೆ ಊರಿಗೆ ಬರುತ್ತಾರೆ. ವರ್ಷವಿಡೀ ಸಿಮೆಂಟು ಹೊತ್ತ ಹೆಗಲು ಆ ರಾತ್ರಿ ತನಗಾಗಿ ಅಲ್ಲಾಡುತ್ತದೆ. ಇದನ್ನು ಧರ್ಮ ಎನ್ನದಿದ್ದರೆ ಬೇರೆ ಯಾವುದನ್ನು ಎನ್ನಬೇಕು?

ಇಷ್ಟು ಹೇಳಿದ ಮೇಲೆ ಮುಚ್ಚಿಡಲಾಗದ ಒಂದು ವಿಷಯ ಇದೆ. ಇಲ್ಲಿಯವರೆಗೆ ಕುಣಿದವರೆಲ್ಲ ಬಹುಮಟ್ಟಿಗೆ ಹುಡುಗರು.

ಲುಂಬಿನಿ ಉದ್ಯಾನದ ಬೆಂಚಿನ ಮೇಲೆ ಅಜ್ಜಿಯರೂ ಕೂತಿರುತ್ತಾರೆ. ಅದೇ ಹಾಡು ಅವರ ಕಿವಿಗೂ ಬೀಳುತ್ತದೆ. ಅವರಲ್ಲಿ ಕದಲಲು ಏನಿದೆ? ಕೆಲವರಲ್ಲಿ ಇದೆ: ನಾಗರಪಂಚಮಿಯ ಜೋಕಾಲಿ, ಫುಗಡಿ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹಾಡುತ್ತ ಹೋದದ್ದು, ಕೋಲಾಟ. ಅವು ಕಡಿಮೆಯವಲ್ಲ. ಆದರೆ ಹಲವರಿಗೆ ಹರೆಯ ಎಂಬುದೇ ಬರಲಿಲ್ಲ. ಹದಿಮೂರಕ್ಕೆ ಕೊರಳಿಗೆ ತಾಳಿ, ಹದಿನೈದಕ್ಕೆ ತೊಟ್ಟಿಲು. 'ಕುರ್ಬಾನಿ' ಹಾಡಿನ ಹುಡುಗಿಯ ವಯಸ್ಸಿನಲ್ಲಿ ಅವರು ಹಗಲೆಲ್ಲ ಹತ್ತಿ ಬಿಡಿಸಿ, ರಾತ್ರಿ ರೊಟ್ಟಿ ಬಡಿಯುತ್ತಿದ್ದರು. ಇನ್ನೊಂದು ಪಾಲಿನ ಹುಡುಗಿಯರ ಕಥೆ ಇನ್ನೂ ಕಠೋರ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ದೇವರ ಹೆಸರಿನಲ್ಲಿ ಕುಣಿಸಿ, ದೇಹವನ್ನು ಊರಿನ ಉಳ್ಳವರಿಗೆ ಒಪ್ಪಿಸಿದ ಪದ್ಧತಿ ಇಲ್ಲೇ ಬೇರೂರಿತ್ತು; ಬಲಿಯಾದವರು ಹೆಚ್ಚಾಗಿ ದಲಿತ ಮನೆಗಳ ಹೆಣ್ಣುಮಕ್ಕಳು. ಅದನ್ನು ಅಪರಾಧವೆಂದು ಸಾರಲು 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರಬೇಕಾಯಿತು. ಕುಣಿತವೆಲ್ಲ ಪವಿತ್ರ ಎಂದು ಬರೆಯುವವರು ಆ ತಾಯಂದಿರ ಮುಂದೆ ಆ ಮಾತು ಹೇಳಿ ನೋಡಲಿ. ತಾನಾಗಿ ಎದ್ದ ಹೆಜ್ಜೆಗೂ ಹಿಡಿದು ಎಬ್ಬಿಸಿದ ಹೆಜ್ಜೆಗೂ ನಡುವಿನ ಅಂತರ ಧರ್ಮ ಮತ್ತು ಅಧರ್ಮದ ಅಂತರ.

ಗಜಾಲಿಯ ಮಾತು ಇಲ್ಲಿ ಬೇರೆಯೇ ತೂಕ ಪಡೆಯುತ್ತದೆ. ಹಾಡು ಇದ್ದದ್ದನ್ನಷ್ಟೇ ಕದಲಿಸುತ್ತದೆ ಎಂದಾದರೆ, ಮುಂದಿನ ಐವತ್ತು ವರ್ಷ ಒಬ್ಬ ಮನುಷ್ಯ ಏನನ್ನು ನೆನೆಯಬಲ್ಲ ಎಂಬುದು ಅವನ ಹರೆಯದ ವರ್ಷಗಳಲ್ಲಿ ಬಹುಪಾಲು ನಿರ್ಧಾರವಾಗುತ್ತದೆ. ಆ ವರ್ಷಗಳನ್ನು ಕಿತ್ತುಕೊಂಡವರು ಹುಡುಗಿಯ ಶಾಲೆಯನ್ನಷ್ಟೇ ಕಿತ್ತುಕೊಂಡಿಲ್ಲ. ಅವಳ ಮುಪ್ಪಿನ ಸಂಜೆಗಳನ್ನೂ ಕಿತ್ತುಕೊಂಡಿದ್ದಾರೆ. ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದ ದಾಸಿಮಯ್ಯನ ಊರಿನ ಸೀಮೆಯಲ್ಲೇ ನೆನಪಿನಲ್ಲಿ ಗಂಡಿಗೊಂದು, ಹೆಣ್ಣಿಗೊಂದು ಪಾಲು ಮಾಡಿಟ್ಟದ್ದು ನಮ್ಮ ಧಾರ್ಮಿಕ ಬದುಕಿನ ದೊಡ್ಡ ಸೋಲು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ. ಹೆಣ್ಣುಮಕ್ಕಳದ್ದು ಅದಕ್ಕಿಂತಲೂ ಬಹಳ ಕೆಳಗೆ.

ಹಿರಿಯರು ಇಂದಿನ ಹುಡುಗರ ಡಿ.ಜೆ. ಬಗ್ಗೆ ಸಿಟ್ಟಾಗುತ್ತಾರೆ. ಅದರಲ್ಲಿ ಅರ್ಧ ನ್ಯಾಯ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇರಬಾರದು ಎಂದು 2000ನೇ ಇಸವಿಯ ನಿಯಮಗಳೇ ಹೇಳುತ್ತವೆ. ಎದೆ ನಡುಗಿಸುವ ಸ್ಪೀಕರನ್ನು ಆಸ್ಪತ್ರೆಯ ಮುಂದೆ ನಿಲ್ಲಿಸುವುದು ಭಕ್ತಿಯಲ್ಲ. ಸದ್ದಿಗೆ ಮಿತಿ ಹಾಕಲಿ. ಆದರೆ ಹರಿದ ಜೀನ್ಸು, ಬಣ್ಣ ಹಚ್ಚಿದ ಕೂದಲು, ರೀಲ್ಸಿನ ಹೆಜ್ಜೆಗಳನ್ನು ಕಂಡು ಧರ್ಮ ಕೆಟ್ಟಿತು ಎನ್ನುವ ಮುನ್ನ, ಹಿತ್ತಾಳೆ ಜಿಪ್ಪಿನ ಬೆಲ್‌ಬಾಟಮ್ಮಿಗೆ ತಮ್ಮ ಅಪ್ಪ ಏನೆಂದು ಬೈದಿದ್ದ ಎಂಬುದನ್ನು ನೆನೆಯಲಿ.

ಕೇಳಿಕೊಳ್ಳುವುದು ಇಷ್ಟೇ. ಶಾಲೆಯ ವಾರ್ಷಿಕೋತ್ಸವಕ್ಕೆ ಮೊಮ್ಮಗಳು ಡಾನ್ಸಿಗೆ ಹೆಸರು ಕೊಟ್ಟರೆ, "ನಮ್ಮ ಮನಿ ಹುಡುಗೇರು ಕುಣಿಯಂಗಿಲ್ಲ" ಎನ್ನಬೇಡಿ. ಅವಳ ಬಟ್ಟೆ ಹೊಲಿಸಲು ನೀವೇ ದರ್ಜಿಯ ಹತ್ತಿರ ಕರೆದುಕೊಂಡು ಹೋಗಿ. ಜಾತ್ರಾ ಸಮಿತಿಯವರು, ಮಸೀದಿ ಕಮಿಟಿಯವರು, ಮಠದವರು ಹಬ್ಬದ ಒಂದು ಸಂಜೆಯನ್ನಾದರೂ ಹೆಣ್ಣುಮಕ್ಕಳ ಕೋಲಾಟಕ್ಕೆ, ಹಾಡಿಗೆ ನಿರ್ಭಯವಾಗಿ ಬಿಟ್ಟುಕೊಡಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ನಿಮ್ಮ ಓಣಿಯಲ್ಲಿ ಅಂಥ ಮದುವೆಯ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.